ಹರಾಜಾಗಿ ಹೋದ ಬೀಜದ ಮುಡಿ

ಬೋಳುಗುಡ್ಡೆ, ಕ್ರಿಸ್ತಶಕ ೨೨೪೭, ಮೇ ೩೬

ಬೋಳುಗುಡ್ಡೆ ಕ್ರೈಸ್ತ ಸಭೆಯ ಹಿರಿಯರಿಗೆ, ಅಂದರೆ ನನಗಿಂತ ಇನ್ನೂರಿಪ್ಪತ್ತು ವರ್ಷ ಹಿಂದಿರುವ ನಿಮಗೆ, ಎಲ್ಕಾನ ಬಂಗೇರನ ವಂದನೆ.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ಸಂಬಳ ಕೊಡುವವರು ತಿಂಗಳನ್ನು ಉದ್ದ ಮಾಡಿದರು, ಸಂಬಳವನ್ನಲ್ಲ. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ಬಂದರೆ ಕ್ಷಮಿಸಿ. ನಾನು ಓದಿದ್ದು ಕಡಿಮೆ. ಒಣಮೀನು ಮಾರುತ್ತ ಮಾತು ಕಲಿತೆ, ಆ ಮಾತಿನಿಂದಲೇ ಬೆಳೆಹಬ್ಬದ ಹರಾಜು ಕೂಗುವವನಾದೆ.

ಬೆಳೆಹಬ್ಬ ನಿಮ್ಮಲ್ಲೂ ಉಂಟು. ಮೊದಲ ಫಲವನ್ನು ದೇವಾಲಯದ ಪೀಠದ ಮುಂದಿಡುವುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು, ಬಂದ ಹಣ ಬಡವರ ಪೆಟ್ಟಿಗೆಗೆ. ಹತ್ತು ರೂಪಾಯಿಯ ಸೌತೆಕಾಯಿ ಸಾವಿರಕ್ಕೆ ಹೋಗುತ್ತದೆ, ಗೆದ್ದವನು ಅದನ್ನು ಮನೆಗೆ ಒಯ್ಯದೆ ಪೀಠಕ್ಕೇ ತಿರುಗಿ ಕೊಡುತ್ತಾನೆ. ನಿಮ್ಮ ಈ ವಾಡಿಕೆಯನ್ನು ನಾವು ಚಾಚೂ ತಪ್ಪದೆ ಉಳಿಸಿಕೊಂಡೆವು. ಬರೆದಿಡಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ.

ಗದ್ದೆಗಳಿಗೆ ಸಮುದ್ರ ನುಗ್ಗಿ ಮೂರು ತಲೆಮಾರಾಯಿತು. ಉಬ್ಬರದ ನೀರು ದಿನಕ್ಕೆರಡು ಸಲ ಗುಡ್ಡದ ಕೆಳಗಿನ ಮೆಟ್ಟಿಲು ಮುಟ್ಟುತ್ತದೆ. ಹೆಂಗಸರು ದೋಣಿಯಲ್ಲಿ ನಿಂತು ಕೊಯ್ಲು ಮಾಡುತ್ತಾರೆ. ಕುಡಿಯುವ ನೀರಿಗಾಗಿ ಮಂಜು ಹಿಡಿಯುವ ಬಲೆ ಕಟ್ಟುತ್ತೇವೆ. ಹೆಚ್ಚಿನವರು ಬಿತ್ತುವುದು ಒಂಟಿಬೀಜ: ಅದು ಒಂದೇ ಸಲ ಮೊಳೆಯುತ್ತದೆ, ಅದರ ಕಾಳನ್ನು ಮತ್ತೆ ಬಿತ್ತಿದರೆ ಕೊಳೆಯುತ್ತದೆ. ಮೊದಲ ಮೂರು ವರ್ಷ ಬೀಜ ಮಾರುವ ಕಂಪನಿ ಅದನ್ನು ಪುಕ್ಕಟೆ ಕೊಟ್ಟಿತು. ಲೆಕ್ಕ ಬಲ್ಲವನೆಂದು ಹೆಸರಾದ ನಾನೇ ಊರೆಲ್ಲ ಅದನ್ನು ಹೊಗಳಿದೆ. ನಾಲ್ಕನೆಯ ವರ್ಷದಿಂದ ಬೆಳೆಯ ಮುಕ್ಕಾಲು ಪಾಲು ಅವರದು. ಉಪ್ಪುನೀರಿನಲ್ಲೂ ನಿಲ್ಲುವ ಹಳೆಯ ಕಗ್ಗ ಭತ್ತವನ್ನು ಬಿಡದೆ ಉಳಿಸಿದವಳು ಲೋವಿಸಮ್ಮ ಒಬ್ಬಳೇ, ಎಪ್ಪತ್ತು ದಾಟಿದ ವಿಧವೆ. ಪ್ರತಿ ಹಬ್ಬಕ್ಕೂ ಇದ್ದ ಬೀಜವನ್ನೆಲ್ಲ ಒಣಹುಲ್ಲಿನ ಮುಡಿ ಕಟ್ಟಿ ಪೀಠಕ್ಕೆ ತರುವಳು, ಗೆದ್ದವರು ತಿರುಗಿ ಕೊಡುವರು, ಅವಳು ಬಿತ್ತುವಳು. ಈ ಮಳೆಗೆ ಮನೆಮನೆಗೂ ಒಂದೊಂದು ಸೇರು ಹಂಚಿ ಕಂಪನಿಯ ಹಂಗು ಬಿಡುವುದೆಂದು ಸಭೆಯಲ್ಲಿ ಪ್ರಾರ್ಥಿಸಿ ನಿಶ್ಚಯಿಸಿದ್ದೆವು.

ಕಳೆದ ಹಬ್ಬದಲ್ಲಿ ಹಿಂದಿನ ಸಾಲಿನಲ್ಲಿ ಬಿಳಿ ಅಂಗಿಯ ಅಪರಿಚಿತನೊಬ್ಬ ನಿಂತಿದ್ದ. ಲೋವಿಸಮ್ಮನ ಮುಡಿಗೆ ಅವನು ಬೆಲೆ ಏರಿಸಿದಷ್ಟೂ ನನಗೆ ಹುರುಪು. “ಕರ್ತನ ಕೆಲಸಕ್ಕೂ ಜಿಪುಣತನವಾ ಧನಿಗಳೇ? ನಿಮ್ಮ ಅಂಗಿಯ ಇಸ್ತ್ರಿಗೇ ಇದಕ್ಕಿಂತ ಜಾಸ್ತಿ ಆಗಿರಬೇಕು!” ಎಂದೆ. ಜನ ನಕ್ಕರು. ನಾಲ್ಕು ಲಕ್ಷಕ್ಕೆ ಮೂರನೇ ಸಲ ಎಂದು ಸುತ್ತಿಗೆ ಬಡಿದೆ. ಚಪ್ಪಾಳೆ ಮುಗಿಯುವ ಮೊದಲೇ ಅವನು ಮುಡಿಯನ್ನು ಹೆಗಲಿಗೇರಿಸಿ ಕಂಪನಿಯ ದೋಣಿ ಹತ್ತಿದ. ತಿರುಗಿ ಕೊಡಬೇಕೆಂದು ಅವನಿಗೆ ಯಾರು ಹೇಳಿದ್ದರು? ಲೋವಿಸಮ್ಮ ನನ್ನ ಹತ್ತಿರ ಬಂದು, “ದೇವರಿಗೆ ಕೊಟ್ಟದ್ದನ್ನು ನೀನು ಯಾರಿಗೆ ಮಾರಿದ್ದು ಮಾರಾಯ?” ಎಂದಳು, ಅಷ್ಟೇ. ಆ ನಾಲ್ಕು ಲಕ್ಷವನ್ನೇ ಹಿಡಿದುಕೊಂಡು ಮರುದಿನ ಕಂಪನಿಗೆ ಹೋದೆವು. ಮುಡಿ ಮಾರಾಟಕ್ಕಿಲ್ಲ ಎಂದರು.

ಮಳೆಗೆ ಹನ್ನೊಂದು ದಿನ ಉಳಿದಿದೆ. ಅಷ್ಟರೊಳಗೆ ಬೀಜ ಸಿಗದಿದ್ದರೆ ಲೋವಿಸಮ್ಮನೂ ಕಂಪನಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಅಲ್ಲಿಗೆ ನಮ್ಮದೆನ್ನುವ ಗದ್ದೆ ಈ ಕರಾವಳಿಯಲ್ಲಿ ಒಂದೂ ಇರುವುದಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುತ್ತದೆ, ಬೀಜ ತರುವುದಿಲ್ಲ, ಉತ್ತರವನ್ನೂ ತರುವುದಿಲ್ಲ. ಹಾಗಾಗಿ ಬೇಡುವುದಿಷ್ಟೇ: ನಿಮ್ಮ ಮುಂದಿನ ಬೆಳೆಹಬ್ಬದೊಳಗೆ ದೇವಾಲಯದ ಹೊಸ್ತಿಲ ಕಲ್ಲಿನ ಮೇಲೆ ‘ಬೀಜ ಹರಾಜಿಗಿಲ್ಲ’ ಎಂದು ಕೆತ್ತಿಸಿ. ಹಣ್ಣು ಮಾರಿ, ಕೋಳಿ ಮಾರಿ, ಬೇಕಾದರೆ ನನ್ನಂಥ ಬಾಯಿಬಡುಕರನ್ನೂ ಮಾರಿ. ಬೀಜ ಮಾತ್ರ ಪೀಠದಿಂದ ನೇರ ಬಿತ್ತುವವರ ಕೈಗೆ ಹೋಗಲಿ. ಖರ್ಚು ಒಬ್ಬ ಕಲ್ಲುಕುಟಿಗನ ಒಂದು ದಿನದ ಕೂಲಿ. ಇದಕ್ಕಿಂತ ಅಗ್ಗದ ವ್ಯವಹಾರವನ್ನು ನಾನು ಜನ್ಮದಲ್ಲಿ ಕೂಗಿಲ್ಲ.

ಅದೇ ಕಲ್ಲು ಇಂದಿಗೂ ನಮ್ಮ ದೇವಾಲಯದ ಬಾಗಿಲಲ್ಲಿದೆ. ಇದು ನನ್ನ ಒಂಬತ್ತನೆಯ ಪತ್ರ. ಒಂದೊಂದು ಪತ್ರ ಕಳಿಸಿದ ಮರುದಿನ ಬೆಳಗ್ಗೆ ಹೋಗಿ, ಮೊಣಕಾಲೂರಿ, ಅಕ್ಷರ ಮೂಡಿದೆಯೇ ಎಂದು ಆ ಕಲ್ಲನ್ನು ಬೆರಳಿನಿಂದ ಸವರುತ್ತೇನೆ. ಅಂತೂ ಇವನಿಗೆ ಭಕ್ತಿ ಬಂತೆಂದು ಪಾದ್ರಿಗಳು ಸಂತೋಷಪಡುತ್ತಾರೆ. ಇಂದು ಲೋವಿಸಮ್ಮನೂ ಬಂದು ಪಕ್ಕದಲ್ಲಿ ಮೊಣಕಾಲೂರಿದಳು, ತನ್ನ ಬೆರಳನ್ನೂ ಆಡಿಸಿದಳು.

ಕಲ್ಲು ನುಣುಪಾಗಿಯೇ ಇತ್ತು.