ಜನವರಿ ಮಾಡುವವನಿಗೆ ವೈದ್ಯರೇಕೆ?

ಪುರಸಭೆಯ ಆರೋಗ್ಯಾಧಿಕಾರಿಗಳೇ,

ಡಿಸೆಂಬರ್ ಬರುತ್ತಲೇ ನಿಮ್ಮ ಭಿತ್ತಿಪತ್ರದ ಹಿಮಕರಡಿ ಮತ್ತೆ ಬಂದಿದೆ. ಗ್ರಂಥಾಲಯದ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಈಜುಕೊಳದ ಗೋಡೆಯ ಮೇಲೆ ಹಾಲಿನ ಲೋಟ ಹಿಡಿದು ನಗುತ್ತಿದೆ. ಕೆಳಗೆ ಅದೇ ಬರಹ: "ಹನಿಯಿಲ್ಲದ ಜನವರಿ! ತಿಂಗಳಿಡೀ ಕುಡಿಯದೆ ಇರಬಲ್ಲಿರಾದರೆ ನಿಮಗೆ ಚಿಂತೆಯಿಲ್ಲ. ಮೊದಲ ವಾರ ಕಷ್ಟ, ಸಿಸು ಇರಲಿ, ಎದೆ ಗಟ್ಟಿ ಮಾಡಿಕೊಳ್ಳಿ." ಈ ಕರಡಿಯ ದಯೆಯಿಂದ ನನ್ನ ಗಂಡನಿಗೆ ನಿಮ್ಮ ಚಿಕಿತ್ಸಾಲಯದಲ್ಲಿ ವೈದ್ಯರ ಭೇಟಿ ಸಿಗಲಿಲ್ಲ. ನನ್ನ ದೂರು ಇಷ್ಟೇ, ಉಳಿದದ್ದು ವಿವರಣೆ.

ಗಂಡನ ಹೆಸರು ಇಲ್ಪೊ. ಮರದ ದೋಣಿ ಕಟ್ಟುತ್ತಾನೆ. ಮದುವೆಯಾದ ಹೊಸದರಲ್ಲಿ ಶನಿವಾರ ಹಬೆಸ್ನಾನದ ಸೌನಾ ಕಾಯಿಸಿ, ಬೆವರಿಳಿಸಿ, ಹೊರಗೆ ಕುಳಿತು ಒಂದು ಬಿಯರ್ ಕುಡಿಯುತ್ತಿದ್ದ. ಫಿನ್‌ಲ್ಯಾಂಡಿನಲ್ಲಿ ಇದನ್ನು ಕುಡಿತ ಎಂದರೆ ನೆರೆಹೊರೆಯವರು ನಕ್ಕಾರು. ಆಮೇಲೆ ಬುಧವಾರವೂ ಸೌನಾ ಕಾಯತೊಡಗಿತು. ಆಮೇಲೆ ದಿನಾ. ಕೊನೆಗೆ ಸೌನಾಕ್ಕೆ ಬೆಂಕಿ ಹಾಕುವ ತೊಂದರೆಯನ್ನೇ ಬಿಟ್ಟೆವು. ಬಿಯರ್ ಮಾತ್ರ ಉಳಿಯಿತು, ಅದರ ಹಿಂದೆ ವೋಡ್ಕಾ. ಆದರೆ ಜನವರಿ? ಜನವರಿ ಬಂತೆಂದರೆ ಇಲ್ಪೊ ಋಷಿ! ನಾನು ಹುಟ್ಟಿ ಬೆಳೆದ ಕಡೆ ಏಕಾದಶಿಯ ಉಪವಾಸ ಮಾಡಿದವರನ್ನು ದ್ವಾದಶಿಯ ಬೆಳಿಗ್ಗೆ ಎಲೆಯ ಮುಂದೆ ನೋಡಬೇಕು. ಈ ಊರಿನ ದ್ವಾದಶಿ ಫೆಬ್ರವರಿ ಒಂದನೇ ತಾರೀಖು. ಅಂದು ಮದ್ಯದಂಗಡಿಯ ಮುಂದಿನ ಸಾಲನ್ನು ನಿಮ್ಮ ಕರಡಿ ಎಂದಾದರೂ ನೋಡಿದೆಯೇ?

ನನ್ನ ಅತ್ತೆ ಔನೆ ನಿಮ್ಮ ಭಿತ್ತಿಪತ್ರದ ಪರಮಭಕ್ತೆ. ನಾನು ಬಾಯಿ ತೆರೆದರೆ ಸಾಕು: "ನನ್ ಮಗ ಕುಡುಕನಾ? ಕುಡುಕ ಅಂದ್ರೆ ಸ್ಟೇಷನ್ ಬೆಂಚ್ ಮೇಲೆ ಬಿದ್ದಿರ್ತಾನೆ ಕಣೇ! ಇವ್ನು ಜನವರಿ ಮಾಡ್ತಾನೆ!"

"ಮಾಡ್ತಾನೆ ಅತ್ತೆ. ಮಾಡುವಾಗ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗಲ್ಲ, ಕೈ ಹಂಗೆ ನಡುಗತ್ತೆ."

"ಚಳಿ ಕಣೇ. ಜನವರೀಲಿ ಯಾರ್ ಕೈ ನಡುಗಲ್ಲ?"

ಅವರ ಮಾತಿನಲ್ಲಿ ನಿಜವಿರಬಹುದೇ ಎಂದು ನಾನೂ ಯೋಚಿಸಿದ್ದೇನೆ. ಶುಕ್ರವಾರ ನನಗೂ ಒಂದು ಲೋಟ ವೈನ್ ಬೇಕು. ನನಗೂ ಅವನಿಗೂ ನಡುವಿನ ಗೆರೆ ಎಲ್ಲಿದೆ? ಬಹಳ ದಿನ ತಿಳಿಯಲಿಲ್ಲ. ಈಗ ಅನ್ನಿಸುತ್ತದೆ: ಮನೆಯಲ್ಲಿ ವೈನ್ ಇದೆಯೆಂದು ನಾನು ಮರೆಯಬಲ್ಲೆ. ಅವನು ಮರೆಯಲಾರ. ಅಂಗಡಿ ಮುಚ್ಚುವ ಹೊತ್ತನ್ನು ನೋಡಿಕೊಂಡು ಅವನ ದಿನ ತಿರುಗುತ್ತದೆ. ಬೆಳಿಗ್ಗೆ ಉಳಿ ಹಿಡಿಯಬೇಕಾದರೆ ಮೊದಲು ಒಂದು ಗುಟುಕು ಬೇಕು. ಸೀಸೆ ವಾರ್ನಿಷ್ ಡಬ್ಬಗಳ ಹಿಂದೆ ಇರುತ್ತದೆ, ಮತ್ತು ಅದು ಅಲ್ಲಿರುವುದು ನನಗೆ ಗೊತ್ತಿಲ್ಲವೆಂದು ನಾವಿಬ್ಬರೂ ನಟಿಸುತ್ತೇವೆ. ಇದರಲ್ಲಿ ಯಾವುದನ್ನಾದರೂ ನಿಮ್ಮ ಕರಡಿ ಕೇಳುತ್ತದೆಯೇ? ಬಿಡಬಲ್ಲಿರಾ ಎಂದಷ್ಟೇ ಅದರ ಪ್ರಶ್ನೆ. ಬಿಟ್ಟಾಗ ದೇಹ ಏನು ಮಾಡುತ್ತದೆ ಎಂಬುದು ಅದರ ಇಲಾಖೆಗೆ ಸೇರಿದ ವಿಷಯವಲ್ಲ.

ಕಳೆದ ಜನವರಿಯ ಮೊದಲ ವಾರ ದೇಹ ಏನು ಮಾಡಿತೆಂದು ಹೇಳುತ್ತೇನೆ. ಹಾಸಿಗೆ ಬೆವರಿನಲ್ಲಿ ತೊಯ್ದಿತು. ಒಂದು ಮಧ್ಯಾಹ್ನ ದೋಣಿಯ ಶೆಡ್ಡಿನಿಂದ ಇಲ್ಪೊ ಕೂಗಿದ: "ಎರಡು ಕಾಫಿ ತಾರೇ, ಇವರು ಆಗಿಂದ ಕೂತಿದಾರೆ." ಹೋಗಿ ನೋಡಿದರೆ ಬೆಂಚಿನ ಮೇಲೆ ಯಾರೂ ಇರಲಿಲ್ಲ. ದಿನವೂ ಮಿತಿಮೀರಿ ಕುಡಿಯುವವರು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಇದು ನಿಮ್ಮ ವೈದ್ಯರಿಗೆಲ್ಲ ಗೊತ್ತು. ಕರಡಿಗೆ ಯಾರೂ ಹೇಳಿಲ್ಲ. ಸಿಸು, ಅಂದರೆ ಈ ದೇಶದ ಆ ಹಲ್ಲುಕಚ್ಚುವ ಎದೆಗಾರಿಕೆ, ಹಿಮ ಗೋರಲು ಒಳ್ಳೆಯದು. ಸಿಸು ಒಂದರಿಂದಲೇ ತನ್ನ ಅಪೆಂಡಿಕ್ಸ್ ತಾನೇ ತೆಗೆದುಕೊಂಡವರನ್ನು ನಾನಿನ್ನೂ ಕಂಡಿಲ್ಲ.

ಹೋದ ವಾರ ಇಲ್ಪೊ ತಾನಾಗಿಯೇ ಅಂದ: "ಈ ಸಲ ಒಬ್ನೇ ಬಿಡೋಕೆ ಹೆದರಿಕೆ ಆಗತ್ತೆ." ಹೆದರಿಕೆ ಎಂಬ ಪದ ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಕೂತು, ನನಗೂ ಕೇಳಿಸುವಂತೆ, ನಿಮ್ಮ ಚಿಕಿತ್ಸಾಲಯಕ್ಕೆ ಫೋನ್ ಮಾಡಿದ.

"ಕುಡಿತದ ವಿಷಯ ಮಾತಾಡ್ಬೇಕಿತ್ತು."

"ಹೋದ್ ಜನವರಿ ಮಾಡಿದ್ರಾ?" ಅತ್ತಲಿನ ನರ್ಸ್ ಕೇಳಿದಳು.

"ಮಾಡ್ದೆ. ವರ್ಷಾ ವರ್ಷಾ ಮಾಡ್ತೀನಿ."

"ಅಯ್ಯೋ, ಮತ್ತೇನ್ರೀ ಚಿಂತೆ! ನಮ್ಮೆಜಮಾನ್ರು ಒಂದ್ವಾರ ತಡೆಯಲ್ಲ. ಈ ಸಲಾನೂ ಮಾಡ್ಬಿಡಿ, ತೊಂದ್ರೆ ಅನ್ಸಿದ್ರೆ ಫೆಬ್ರವರೀಲಿ ಫೋನ್ ಮಾಡಿ."

ಇಲ್ಪೊ ಧನ್ಯವಾದ ಹೇಳಿದ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ನೋಡು, ಪಾಸಾದೆ," ಅಂದ. ಫೇಲಾದ ಹುಡುಗರ ಮುಖದಲ್ಲೂ ಅಷ್ಟು ದುಃಖ ನಾನು ನೋಡಿಲ್ಲ. ನರ್ಸ್ ಮೇಲೆ ನನಗೆ ಸಿಟ್ಟಿಲ್ಲ. ನೀವು ಕಲಿಸಿದ ಪಾಠವನ್ನೇ ಆಕೆ ಒಪ್ಪಿಸಿದಳು.

ಈ ಪತ್ರವನ್ನು ಅವನಿಗೆ ಓದಿ ಹೇಳಿ, ಊರಿನ ಪತ್ರಿಕೆಗೂ ಅಚ್ಚಿಗೆ ಕಳಿಸಲೇ ಎಂದು ಕೇಳಿದೆ. "ಕಳ್ಸು," ಅಂದ. "ಆದ್ರೆ ದೋಣಿ ಚೆನ್ನಾಗಿ ಕಟ್ತಾನೆ ಅಂತಾನೂ ಬರಿ." ಬರೆದಿದ್ದೇನೆ: ಚೆನ್ನಾಗಿ ಕಟ್ಟುತ್ತಾನೆ.

ಆದ್ದರಿಂದ ನನ್ನ ಬೇಡಿಕೆ. ಕರಡಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ನಿಲ್ಲಿಸಿದಾಗ ಕೈ ನಡುಗಿದರೆ, ಬೆವರಿದರೆ, ಎದುರಿಗೆ ಇಲ್ಲದವರು ಕಣ್ಣಿಗೆ ಕಂಡರೆ, ಧೈರ್ಯ ಮಾಡಬೇಡಿ, ತಕ್ಷಣ ವೈದ್ಯರ ಬಳಿಗೆ ಬನ್ನಿ. ಸೋಮವಾರ ಬೆಳಿಗ್ಗೆ ಇಲ್ಪೊ ಮತ್ತೆ ಫೋನ್ ಮಾಡುತ್ತಾನೆ. ಜನವರಿಯ ಮಾತೆತ್ತದೆ, ಹೊಸ ವರ್ಷಕ್ಕೆ ಮೊದಲೇ ಅವನನ್ನು ವೈದ್ಯರು ನೋಡುವಂತೆ ಮಾಡಿ. ಎರಡನೆಯ ಸಲ ಕೇಳಲು ಅವನನ್ನು ಒಪ್ಪಿಸಿದ್ದೇನೆ. ಸಹಾಯಕ್ಕಾಗಿ ಮೂರನೆಯ ಸಲ ಫೋನ್ ಮಾಡುವ ಗಂಡಸು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ.

ಇಂತಿ,
ಫೆಬ್ರವರಿಯಲ್ಲೂ ಗಂಡ ಇರಲಿ ಎಂದು ಬಯಸುವ,
ನಿಮ್ಮ ಊರಿನ ಒಬ್ಬ ದುರಾಸೆಯ ಹೆಂಡತಿ