ಮೊಳೆಯಲ್ಲಿ ಉಳಿದ ರೊಟ್ಟಿ

ತಾಷ್ಕೆಂಟ್, ೧೯ ಅಕ್ಟೋಬರ್ ೧೯೭೩

ನನ್ನ ಮುದ್ದು ಉಲ್ಮಸ್, ನಿನ್ನ ಅಜ್ಜಿ ಹೊಸಿಯತ್ ಬರೆಯುತ್ತಿದ್ದೇನೆ.

ಮೈಯಲ್ಲಿ ಹುಷಾರಾಗಿದ್ದೀಯಾ? ಆ ಹಾಳು ಸೈಬೀರಿಯಾದ ಚಳಿಗೆ ಕಿವಿ ಮುಚ್ಚಿಕೊಳ್ಳುತ್ತೀಯೋ, ಇಲ್ಲ ಇಲ್ಲಿಯ ಹಾಗೆಯೇ ಪೊಗರು ತೋರಿಸುತ್ತೀಯೋ? ಸೈನ್ಯದಲ್ಲಿ ಬಂದೂಕು ಕೊಡದೆ ಕಟ್ಟಡದ ಕೆಲಸಕ್ಕೆ ಹಾಕಿದರೆಂದು ಮುಖ ಊದಿಸಿಕೊಂಡಿದ್ದವನು, ಈಗ ಬುಲ್ಡೋಜರ್ ಮೇಲೆ ಕೂತು ಹಲ್ಲು ಕಿರಿಯುವ ಫೋಟೋ ಕಳಿಸಿದ್ದೀಯ. ನಿನ್ನ ಅಮ್ಮ ಸನೋಬರ್ ಅದನ್ನು ಬೀದಿಗೆಲ್ಲ ತೋರಿಸಿ, "ನೋಡ್ರೇ, ನನ್ ಮಗ ಸುಲ್ತಾನನಂಗೆ ಕೂತವ್ನೆ" ಎಂದು ಬೀಗಿದಳು.

ಅಂಥದ್ದೇ ಯಂತ್ರ ಮಂಗಳವಾರ ಹಳೇ ಮನೆಗಳನ್ನು ಕೆಡವಲು ನಮ್ಮ ಬೀದಿಗೂ ಬಂತು. ಕಾಲುವೆಯಾಚೆಯ ಮಿರ್ವೊಹಿದ್ ಈಗ ಟೈ ಕಟ್ಟಿದ ಎಂಜಿನಿಯರ್. ನಮಗೆಂದು ಆಗಲೇ ಕಟ್ಟಿ ಮುಗಿಸಿದ ಒಂಬತ್ತು ಅಂತಸ್ತಿನ ಕಟ್ಟಡದ ಚಿತ್ರ ಹಿಡಿದು, "ಅಜ್ಜಿ, ನಮ್ತನ ಎಲ್ಲೂ ಹೋಗಿಲ್ಲ, ನೋಡಿ. ಗೋಡೆ ತುಂಬಾ ನಮ್ ಕಸೂತಿ ಹೂವೇ" ಎಂದ. ಸುಳ್ಳಲ್ಲ, ನನ್ನ ಮದುವೆಗೆ ನಾನು ಹೊಲಿದಂಥವೇ ಹೂಗಳು. "ಹೂವೆಲ್ಲಾ ಬೀದಿಗಾಯ್ತು. ಒಳಗಿರೋರಿಗೆ ಅಂಗಳ ಎಲ್ಲಯ್ಯಾ? ರೊಟ್ಟಿ ಒಲೆ ಎಲ್ಲಿ ಹಾಕ್ಲಿ, ನಿನ್ ತಲೆ ಮೇಲಾ?" ಎಂದೆ. ನಕ್ಕ. ನಮ್ಮ ಮನೆಗಳು ಬೀದಿಗೆ ಬೆನ್ನು ಹಾಕಿ ಅಂಗಳದ ಕಡೆ ಮುಖ ಮಾಡಿ ಕೂತವು. ಅವನ ಕಟ್ಟಡವೋ, ಮೈಮೇಲೆ ಬಟ್ಟೆಯಿಲ್ಲದೆ ನಮ್ಮ ಟೋಪಿ ಮಾತ್ರ ಇಟ್ಟುಕೊಂಡು ಬೀದಿಯಲ್ಲಿ ನಿಂತ ಹಾಗಿದೆ.

ಸಾಮಾನೆಲ್ಲ ಲಾರಿಗೆ ಏರಿಸಿದೆವು. ಮೊದಲು ದ್ರಾಕ್ಷಿ ಚಪ್ಪರ ಮುರಿದರು, ಆಮೇಲೆ ಹಿಪ್ಪುನೇರಳೆ ಮರಕ್ಕೆ ಸರಪಳಿ ಕಟ್ಟಿ ಬುಡಸಮೇತ ಕಿತ್ತರು. ಆಗ ಸನೋಬರ್‌ಗೆ ನೆನಪಾಯಿತು. ನೀನು ಸೈನ್ಯಕ್ಕೆ ಹೊರಟಾಗ ಒಂದು ತುತ್ತು ಕಚ್ಚಿಟ್ಟ ರೊಟ್ಟಿ ಒಳಕೋಣೆಯ ಮೊಳೆಯಲ್ಲೇ ಇತ್ತು. ನೀನು ಬಂದು ಉಳಿದದ್ದನ್ನು ತಿನ್ನುವ ಮೊದಲು ಅದನ್ನು ಇಳಿಸುವುದು ಅಪಶಕುನವೆಂದು ನಾನು ಮುಟ್ಟಲಿಲ್ಲ, ನಿನ್ನ ಅಪ್ಪ ಮುಟ್ಟಲಿಲ್ಲ, ಅವಳೂ ಮುಟ್ಟಿರಲಿಲ್ಲ. ಹೊರಡುವಾಗ ಇನ್ನೊಬ್ಬರು ತಂದಾರೆಂದು ಒಬ್ಬರನ್ನೊಬ್ಬರು ನಂಬಿ ಕೆಟ್ಟೆವು.

"ನನ್ ಮಗನ್ ರೊಟ್ಟಿ!" ಎಂದು ಕಿರುಚುತ್ತಾ ಅವಳು ಒಳಗೆ ಓಡಿದಳು. ಯಂತ್ರದ ಸದ್ದಿನಲ್ಲಿ ಚಾಲಕನಿಗೆ ಏನೂ ಕೇಳಿಸಲಿಲ್ಲ. ಗೋಡೆ, ತೊಲೆ, ಮಾಡಿನ ಮಣ್ಣು ಎಲ್ಲ ಒಟ್ಟಿಗೆ ಅವಳ ಮೇಲೆ ಕುಸಿಯಿತು. ನಾವು ಉಗುರು ಕಿತ್ತುಬರುವಂತೆ ಬಗೆದೆವು. ನಿನ್ನ ಅಮ್ಮ ಉಳಿಯಲಿಲ್ಲ, ಮಗಾ. ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ಎದೆಯಡಿ ರೊಟ್ಟಿ ಎರಡು ಚೂರಾಗಿ ಸಿಕ್ಕಿತು.

ನಿನ್ನ ಅಪ್ಪ ತುರ್ಗುನ್ ಚಾಲಕನನ್ನು ಕೆಳಗೆಳೆದು ಗುದ್ದಲಿಯಿಂದ ಮುಖಕ್ಕೆ ಹೊಡೆದ. ದವಡೆ ಒಡೆಯಿತು, ಹಲ್ಲುಗಳು ಧೂಳಿಗೆ ಬಿದ್ದವು. ನಾನು ತಡೆಯಲಿಲ್ಲ. "ಇನ್ನೊಂದು ಹಾಕು!" ಎಂದೆ. ಅಪ್ಪ ಹಾಕಿದ, ಒಂದು ಕಣ್ಣು ಹೋಯಿತು. ಆಗ ಆ ಹುಡುಗ ನಮ್ಮದೇ ಮಾತಿನಲ್ಲಿ "ಅಮ್ಮಾ" ಎಂದು ಅರಚಿದ. ನಮ್ಮ ನಾಡಿನದೇ ನಮಂಗಾನ್ ಊರಿನವನಂತೆ, ನಿನ್ನ ವಯಸ್ಸು. ಪೊಲೀಸರು ಬಂದು ಅಪ್ಪನ ಪಕ್ಕೆಲುಬು ಮುರಿಯುವಂತೆ ಒದ್ದು ಎಳೆದೊಯ್ದರು. ಇನ್ನೂ ಬಿಟ್ಟಿಲ್ಲ.

ನಾನೀಗ ಆ ಹೂವಿನ ಕಟ್ಟಡದ ಏಳನೇ ಅಂತಸ್ತಿನಲ್ಲಿದ್ದೇನೆ. ನಿನ್ನ ರೊಟ್ಟಿಯನ್ನು ತೂಗುಹಾಕಲು ಹೋದರೆ ಈ ಕಾಂಕ್ರೀಟಿಗೆ ಮೊಳೆಯೇ ಇಳಿಯುವುದಿಲ್ಲ, ಹೊಡೆದಷ್ಟೂ ಸೊಟ್ಟಗಾಗುತ್ತದೆ. ಚೂರುಗಳನ್ನು ನಿನ್ನ ಅಮ್ಮನ ತಲೆವಸ್ತ್ರದಲ್ಲಿ ಕಟ್ಟಿ ದಿಂಬಿನಡಿ ಇಟ್ಟುಕೊಂಡಿದ್ದೇನೆ. ಅಳಬೇಕೆನಿಸಿದರೆ ಅಳು, ನಾಚಿಕೊಳ್ಳಬೇಡ. ಅಲ್ಲಾಹನು ನಿನ್ನನ್ನು ಇಡಿಯಾಗಿ ಮನೆಗೆ ತಲುಪಿಸಲಿ.

ನಿನ್ನ ಅಜ್ಜಿ,
ಹೊಸಿಯತ್

ಮರೆತಿದ್ದೆ: ನಿನ್ನ ಫೋಟೋವನ್ನು ಮತ್ತೆ ನೋಡಿದೆ. ನಿನ್ನ ಬೆನ್ನ ಹಿಂದೆ ಅರ್ಧ ಬಿದ್ದ ಮರದ ಮನೆಯೊಂದಿದೆ, ಕಿಟಕಿಯ ಪರದೆಯನ್ನೂ ಯಾರೂ ಬಿಚ್ಚಿಲ್ಲ. ಮನೆ ಖಾಲಿಯಾಗಿದೆ ಎಂದು ಯಾವ ಸಾಹೇಬ ಹೇಳಿದರೂ ನಂಬಬೇಡ. ಯಂತ್ರ ನಿಲ್ಲಿಸು, ಇಳಿ, ಒಳಗೆ ಹೋಗಿ ಕೂಗಿ ನೋಡು. ಇಲ್ಲದಿದ್ದರೆ ಯಾರದೋ ಅಪ್ಪ ಗುದ್ದಲಿ ಹಿಡಿದು ನಿನ್ನ ಮೇಲೆ ಬರುತ್ತಾನೆ, ಪಕ್ಕದಲ್ಲಿ ನನ್ನಂಥ ಮುದುಕಿಯೊಬ್ಬಳು "ಇನ್ನೊಂದು ಹಾಕು" ಎನ್ನುತ್ತಾಳೆ.