ಶುಕ್ರವಾರದ ಎಪಿಸೋಡು

ಕುಂಬಳೆ
3-5-2025

ಪ್ರೀತಿಯ ತಂಗಿ ಡೈಸಿಗೆ, ಅಕ್ಕ ವೆರೊನಿಕಾಳ ಮುತ್ತುಗಳು.

ಈಸ್ಟರಿಗೆ ಬಂದ ನಿನ್ನ ಮಗ ಲ್ಯಾರಿ ನೀನು ಬರೆದ ಚೀಟಿ ಕೊಟ್ಟು ಹದಿಮೂರು ದಿನವಾಯಿತು. “ಅಕ್ಕ, ಸೀರಿಯಲ್ ಎಂತಾಯಿತು?” ಒಂದೇ ಸಾಲು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಮೂರು ಹಾಳೆ ಬರೆದು ಹರಿದೆ. ಕಥೆಯ ಜೊತೆಗೆ ನಿನ್ನಲ್ಲಿ ಕ್ಷಮೆ ಕೇಳುವುದೂ ಉಂಟು, ಅಲ್ಲಿಗೆ ಬಂದಾಗ ಕೈ ನಿಲ್ಲುತ್ತದೆ. ಮೊಬೈಲಿನಲ್ಲಿ ಮಾತಾಡಿ ಕಳಿಸಬಹುದಿತ್ತು. ಆದರೆ ಗಂಟಲಿನ ಆಪರೇಷನ್ನಿನಲ್ಲಿ ನಿನ್ನ ಸ್ವರ ಹೋಗಿರುವಾಗ ನನ್ನ ಬಾಯಿ ಮಾತ್ರ ಕೇಳಿಸುವುದು ಸರಿ ಕಾಣಲಿಲ್ಲ. ಮನೆಮಾತು ಕೊಂಕಣಿಯಾದರೂ ಬರೆಯಲು ನಮಗೆ ಬರುವುದು ಕನ್ನಡವೇ. ನಾನಂತೂ ಐದನೇ ಕ್ಲಾಸು, ಉಳಿದದ್ದು ವಾರಪತ್ರಿಕೆ ಓದಿ ಕಲಿತದ್ದು. ತಪ್ಪಿದ್ದರೆ ನಗಬೇಡ.

ಮೊದಲು ಸೀರಿಯಲ್. ಪಾವನಿಯ ಗಂಡ ಸತ್ತನೆಂದು ತಿಥಿಯೂ ಆಗಿತ್ತಲ್ಲ. ಬಾಗಿಲಲ್ಲಿ ಯಾರೋ ಬಂದು ನಿಂತರು. ಮೂರು ದಿನ ಬರೀ ಅವನ ಶೂ ತೋರಿಸಿದರು. ಕೊನೆಗೆ ನೋಡಿದರೆ ಗಂಡನಲ್ಲ, ಅವನ ಹಾಗೆಯೇ ಇರುವ ಬೇರೆ ಮನುಷ್ಯ. ಅತ್ತೆ ಇಂದುಮುಖಿ ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾಳೆ. ಪಕ್ಕದ ಮನೆಯ ಕಮಲ ಕೇಳುತ್ತಾಳೆ, “ಬಾಯಮ್ಮ, ಆ ಮುದುಕಿ ಮಲಗುವಾಗಲೂ ಇಷ್ಟು ಚಿನ್ನ ಹಾಕುವುದಲ್ಲ, ಕುತ್ತಿಗೆಗೆ ಚುಚ್ಚುವುದಿಲ್ಲವಾ?”

“ನಿನಗೆ ಕತೆ ಬೇಕಾ, ಚಿನ್ನ ಬೇಕಾ?” ಎಂದೆ.

“ಎರಡೂ ಉಂಟಲ್ಲ, ನೋಡುವ.”

ನಗುತ್ತೇವೆ, ಆದರೆ ಎಪಿಸೋಡ್ ಮುಗಿದ ಮೇಲೆ ಫೋನ್ ಇಲ್ಲ. ಎಷ್ಟು ವರ್ಷ ನೀನು ಮಂಗಳೂರಿನಿಂದ ಇಂದುಮುಖಿಯ ಸ್ವರದಲ್ಲೇ “ಸೊಸೆಮುದ್ದು, ಹಾಲಿಗೆ ಏನು ಬೆರೆಸಿದೆ?” ಎಂದು ಶುರುಮಾಡುತ್ತಿದ್ದೆ, ಗಂಜಿ ನನ್ನ ನೆತ್ತಿಗೆ ಹತ್ತುತ್ತಿತ್ತು. ಪಾವನಿ ಪಾಪ ಎಂದು ನಾನು, ಅವಳು ಕಳ್ಳಿ ಎಂದು ನೀನು. ಜಗಳ ಮುಗಿಯುವಾಗ ವಾರ್ತೆಯೂ ಮುಗಿದಿರುತ್ತಿತ್ತು.

ಈಗ ಹೇಳಬೇಕಾದದ್ದು. ನಿನ್ನ ಆಪರೇಷನ್ ಚೆನ್ನಾಗಿ ಆಗಲೆಂದು ಈ ಸಲದ ತಪಸ್ಸುಕಾಲದ ನಲವತ್ತು ದಿನ ಸೀರಿಯಲ್ ನೋಡುವುದಿಲ್ಲ ಎಂದು ಹರಕೆ ಹೊತ್ತಿದ್ದೆ. ನಿನಗೆ ಹೇಳಿದ್ದೆ, ನೀನು ಅತ್ತಿದ್ದೆ. ಮೂರು ವಾರ ತಡೆದೆ. ಆಪರೇಷನ್ನಿನ ಹಿಂದಿನ ದಿನ, ಶುಕ್ರವಾರ, ಶಿಲುಬೆಯ ಹಾದಿಯ ಪ್ರಾರ್ಥನೆಗೆಂದು ಹೊರಟವಳು ಇಗರ್ಜಿಗೆ ಹೋಗಲಿಲ್ಲ. ಕಮಲಳ ಮನೆಗೆ ಹೋಗಿ ಟಿವಿಯ ಮುಂದೆ ಕುಳಿತೆ. ಆ ಹೊತ್ತಿಗೇ ನೀನು ಫೋನ್ ಮಾಡಿದ್ದು.

ಮರುದಿನ ಲ್ಯಾರಿ ಕೇಳಿದ, “ಮಾವ್ಶಿ, ನಿನ್ನೆ ಮಮ್ಮಿ ಎರಡು ಸಲ ಮಾಡಿದರಲ್ಲ, ಎಲ್ಲಿದ್ದಿರಿ?”

“ಇಗರ್ಜಿಯಲ್ಲಿ ಮಗಾ. ಫೋನ್ ಮನೆಯಲ್ಲಿತ್ತು.”

ನೀನು ಅದನ್ನೇ ನಂಬಿ, ಅಕ್ಕ ನನಗಾಗಿ ಮೊಣಕಾಲೂರಿದ್ದಳು ಎಂದು ನರ್ಸಿಗೆ ಬರೆದು ತೋರಿಸಿದೆಯಂತೆ. ಅಂದಿನಿಂದ ಪರಮಪ್ರಸಾದಕ್ಕೆ ನಾಲಿಗೆ ಚಾಚಲು ನಾಚಿಕೆಯಾಗುತ್ತದೆ. ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್, “ಸೀರಿಯಲ್ ನೋಡಿದ್ದು ಅಷ್ಟು ದೊಡ್ಡ ಪಾಪ ಅಲ್ಲ ಬಾಯಮ್ಮ, ಮೂರು ನಮೋ ಮರಿಯಾ ಹೇಳಿ” ಎಂದರು. ಮೂವತ್ತು ಹೇಳಿದೆ. ಹಗುರಾಗಲಿಲ್ಲ.

ಗಂಜಿ ತೆಳುವಾಗಿಯೇ ಕುಡಿ. ಕುತ್ತಿಗೆಯ ಗಾಯಕ್ಕೆ ನೀರು ತಾಗಿಸಬೇಡ. ಮಾತೆ ಮರಿಯಮ್ಮ ನಿನ್ನನ್ನು ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ಲ್ಯಾರಿಗೂ ಅವನ ಹೆಂಡತಿ ರೆಶ್ಮಾಳಿಗೂ ನನ್ನ ಆಶೀರ್ವಾದ.

ನಿನ್ನ ಅಕ್ಕ,
ವೆರೊನಿಕಾ

ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು: ಫೋನ್ ಮನೆಯಲ್ಲಿರಲಿಲ್ಲ. ನನ್ನ ಮಡಿಲಲ್ಲಿತ್ತು. ನಿನ್ನ ಹೆಸರು ಕಂಡಿತು. ಜಾಹೀರಾತು ಬರಲಿ ಎಂದು ಕಟ್ ಮಾಡಿದೆ. ಮತ್ತೆ ರಿಂಗಾಯಿತು. ಕಮಲ “ತೆಗೆಯಿರಿ ಬಾಯಮ್ಮ, ತಂಗಿಯಲ್ಲವಾ” ಎಂದಳು. “ಅವಳಿಗೆ ಮಾತು ಸುರುವಾದರೆ ಮುಗಿಯುವುದಿಲ್ಲ ಮಾರಾಯ್ತಿ” ಎಂದು ಮತ್ತೆ ಕಟ್ ಮಾಡಿದೆ. ನಾನು ತಿರುಗಿ ಮಾಡುವಾಗ ನಿನಗೆ ನಿದ್ದೆಯ ಮಾತ್ರೆ ಕೊಟ್ಟಾಗಿತ್ತು. ಸ್ವರಪೆಟ್ಟಿಗೆಯನ್ನೇ ತೆಗೆಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಿನಗೆ ಗೊತ್ತಿತ್ತು. ಆ ಸಂಜೆ ನೀನು ಬೇಕಾದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆಯಂತೆ, ಲ್ಯಾರಿ ಹೇಳಿದ. ನನ್ನನ್ನು ಕೊನೆಗೆ ಇಟ್ಟುಕೊಂಡೆಯಂತೆ, ಅಕ್ಕನ ಹತ್ತಿರ ನಿಧಾನವಾಗಿ ಮಾತಾಡಬಹುದು ಎಂದು.